ಮಸ್ಕತ್ತಿನಲ್ಲಿ ಮಾವು ಅಡಿ ಹಾಕಿದ್ದು

ಮಾವಿನಹಣ್ಣಿನ ಅಂಗಡಿಗೆ ಹೋದಾಗ ನಾನು ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ನಿಲ್ಲುತ್ತೇನೆ. ನೋಡಿದವರು ಯಾರೋ ದೊಡ್ಡ ಸಾಹೇಬ ಅಂದುಕೊಳ್ಳಬಹುದು. ನಿಜವಾದ ಕಾರಣ ನನ್ನ ಹೆಬ್ಬೆರಳು. ಮಾವು ಕಂಡರೆ ಸಾಕು, ತೊಟ್ಟಿನ ಹತ್ತಿರ ಒಂದು ಸಲ ಒತ್ತಿ ನೋಡದೆ ಅದಕ್ಕೆ ಸಮಾಧಾನವಿಲ್ಲ. ಮೊನ್ನೆ ರಜೆಗೆ ಬಂದಾಗ ಹೊಸಪೇಟೆ ಮಾರ್ಕೆಟ್ಟಿನಲ್ಲಿ ಕೈ ಹೇಗೋ ಜೇಬಿನಿಂದ ತಪ್ಪಿಸಿಕೊಂಡಿತು. ಹಣ್ಣಿನಾಕೆ ತಲೆ ಎತ್ತದೆಯೇ, "ಒತ್ತಬ್ಯಾಡ್ರಿ ಅಣ್ಣಾರ. ನಿಮ್ಮಂಥಾರು ಹತ್ ಮಂದಿ ಒತ್ತಿದ್ರ ಕಡೀಕ ನಾ ಮಾರೋದು ಹಣ್ಣಲ್ಲ, ಗಾಯ" ಎಂದಳು. ನಾನು ಆಕೆಯ ಮಾತನ್ನು ಆಕೆಯ ದನಿಯಲ್ಲೇ, ಮೂಗಿನ ತುದಿಯಲ್ಲಿ ಸ್ವಲ್ಪ ಎಳೆದು, ಆಕೆಗೇ ವಾಪಸು ಕೊಟ್ಟೆ. ಆಕೆ ಮೊದಲು ದುರುಗುಟ್ಟಿ, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, ಒಂದು ಹಣ್ಣು ಕೊಸರು ಹಾಕಿದಳು.

ನನ್ನ ಬದುಕು ನಡೆದಿರುವುದು ಹೀಗೆಯೇ. ಹೆಬ್ಬೆರಳು ಕೆಡಿಸಿದ್ದನ್ನು ಗಂಟಲು ಸರಿಮಾಡಬೇಕು. ಹೆಡ್ ಮಾಸ್ತರು, ಬಸ್ಸಿನ ಕಂಡಕ್ಟರು, ನಮ್ಮಪ್ಪ, ಕಡೆಗೆ ಬಾಗಿಲಲ್ಲಿ ನಿಂತು ಕೂಗುವ ಎಮ್ಮೆ, ಯಾರ ದನಿಯಾದರೂ ಸರಿ, ಒಂದು ಸಲ ಕೇಳಿದರೆ ನನ್ನ ಗಂಟಲಲ್ಲಿ ಬಂದು ಕೂರುತ್ತದೆ. ನನ್ನದೇ ದನಿ ಯಾವುದು ಎಂದು ಮಾತ್ರ ಕೇಳಬೇಡಿ, ಹುಡುಕಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಆದರೆ ಮಾವು ಒತ್ತಿದಾಗಲೆಲ್ಲ ನನಗೆ ನೆನಪಾಗುವುದು ಮಾವಲ್ಲ, ಹುಲುಗಪ್ಪ. ಹುಲುಗಪ್ಪ ನನ್ನ ಸೋದರತ್ತೆಯ ಮಗ, ಕಂಪ್ಲಿಯವನು, ನನಗಿಂತ ಎರಡೇ ತಿಂಗಳು ದೊಡ್ಡವನು. ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಅದನ್ನು ನಾನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಒಂಬತ್ತನೆಯ ವಯಸ್ಸಿನಿಂದ ಸಾಕಿಕೊಂಡು ಬಂದಿದ್ದೇನೆ, ಈಗ ಅದು ಮನೆಯವರಂತೆಯೇ ಆಗಿಹೋಗಿದೆ.

ಕಾಲುವೆ ನೀರು ಹರಿದ ಮೇಲೆ ಕಂಪ್ಲಿಯವರ ನಡಿಗೆಯೇ ಬದಲಾಯಿತು ಎಂದು ನಮ್ಮಪ್ಪ ಹೇಳುತ್ತಿದ್ದ. ಅವನದೂ ಹೊಟ್ಟೆಕಿಚ್ಚೇ ಇರಬೇಕು, ನಮ್ಮ ವಂಶದಲ್ಲಿ ಆಸ್ತಿಯೆಂದು ಇಳಿದು ಬಂದದ್ದು ಅದೊಂದೇ. ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆದು ಅತ್ತೆಯ ಮನೆಗೆ ಹೆಂಚು ಬಂತು, ರೇಡಿಯೊ ಬಂತು, ಟ್ರ್ಯಾಕ್ಟರ್ ಬಂತು, ಮಾವನ ಕೈಗೆ ಗಡಿಯಾರ ಬಂತು. ಗಂಟೆ ಎಷ್ಟೆಂದು ಯಾರೂ ಕೇಳದಿದ್ದರೂ ಮಾವ ತೋಳು ಉದ್ದಕ್ಕೆ ಚಾಚಿ ನೋಡಿಕೊಳ್ಳುತ್ತಿದ್ದ. ನಾವು ಹೊಸಪೇಟೆಯ ಬಾಡಿಗೆ ಮನೆಯವರು. ಅಪ್ಪ ಅಂಥ ಟ್ರ್ಯಾಕ್ಟರುಗಳಿಗೆ ಕಬ್ಬಿನ ಟ್ರೇಲರ್ ಮಾಡುವ ವರ್ಕ್‌ಶಾಪಿನಲ್ಲಿ ವೆಲ್ಡರ್. ಅತ್ತೆಯ ಹಿತ್ತಲಲ್ಲಿ ಮನೆಯಷ್ಟು ಎತ್ತರದ ಹುಲ್ಲಿನ ಬಣವೆ ಇರುತ್ತಿತ್ತು. ನಮ್ಮ ಮನೆಯಲ್ಲಿ ಹುಲ್ಲು ಎಂದರೆ ಕಸಬರಿಗೆ.

ಬೇಸಿಗೆ ರಜೆಗೆ ನಾನು ಬಸ್ಸು ಹತ್ತಿ ಕಂಪ್ಲಿಗೆ ಹೋಗುವ ಹೊತ್ತಿಗೆ ಕಾಲುವೆ ಏರಿಯ ಪಕ್ಕದ ಆರು ಗಿಡಗಳಿಂದ ಮಾವಿನಕಾಯಿ ಇಳಿಸಿರುತ್ತಿದ್ದರು. ಕತ್ತಲ ಕೋಣೆಯ ನೆಲಕ್ಕೆ ಭತ್ತದ ಒಣಹುಲ್ಲು ಹಾಸಿ, ಕಾಯಿಗಳನ್ನು ತೊಟ್ಟು ಕೆಳಗಾಗಿ ಸಾಲುಹಿಡಿದು ಇಟ್ಟು, ಮೇಲೆ ಮತ್ತೆ ಹುಲ್ಲು ಮುಚ್ಚಿ ಹಣ್ಣಾಗಲು ಬಿಡುವುದಕ್ಕೆ ನಮ್ಮ ಕಡೆ ಅಡಿ ಹಾಕುವುದು ಎನ್ನುತ್ತಾರೆ. ಇದರಲ್ಲಿ ಅತ್ತೆಯದೊಂದು ಕಟ್ಟಳೆ. ಅಡಿ ಒಬ್ಬರ ಕೈಯದು. ಹಾಕಿದವರೇ ನೋಡಬೇಕು, ಹಾಕಿದವರೇ ತೆಗೆಯಬೇಕು. ನಡುವೆ ಮತ್ತೊಂದು ಕೈ ತಾಗಿದರೆ ಕಾಯಿ ಮುನಿಸಿಕೊಂಡು ಒಳಗೊಳಗೇ ಹುಳಿಯಾಗಿ ಕೂತುಬಿಡುತ್ತದೆ. ಹಾಗಾಗಿ ವರ್ಷವರ್ಷವೂ ಯಾರ ಕೈ ಎಂಬುದು ನಮಗೆ ಪಟ್ಟಾಭಿಷೇಕದಷ್ಟೇ ದೊಡ್ಡ ಪ್ರಶ್ನೆ. ಯಾರಿಗೆ ಅಡಿಯ ಕೈಯೋ ಅವರ ಸೊಂಟಕ್ಕೆ ಕೋಣೆಯ ಕೀಲಿ, ಊಟಕ್ಕೆ ಕೂತಾಗ ಹಣ್ಣು ಹಂಚುವ ಅಧಿಕಾರ, ಬಂದ ನೆಂಟರಿಂದ ಶಾಭಾಸ್.

ನನಗೆ ಒಂಬತ್ತು ತುಂಬಿದ ವರ್ಷ ನಾವಿಬ್ಬರೂ ಅತ್ತೆಯ ಮುಂದೆ ಅಂಗೈ ಚಾಚಿ ನಿಂತೆವು. ಅತ್ತೆ ನನ್ನ ಕೈ ಮುಟ್ಟಿ ನೋಡಿದಳು, ಅವನ ಕೈ ಮುಟ್ಟಿ ನೋಡಿದಳು.

"ಪಂಪ್ಯಾ, ನಿನ್ನ ಕೈ ಭಾಳ ಮಾತಾಡ್ತೈತಿ. ಇವನ ಕೈ ಸುಮ್ನಿರ್ತೈತಿ. ಅಡಿಗೆ ಸುಮ್ನಿರೋ ಕೈ ಬೇಕು."

ಕೀಲಿ ಹುಲುಗಪ್ಪನ ಸೊಂಟಕ್ಕೆ ಹೋಯಿತು. ಅವನು ಒಂದು ಸಲವಾದರೂ ನನ್ನ ಕಡೆ ನೋಡಿ ಹಲ್ಲು ಕಿರಿದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಜಗಳಕ್ಕಾದರೂ ಒಂದು ಕಾರಣ ಸಿಗುತ್ತಿತ್ತು. ಅವನು ಕಿರಿಯಲಿಲ್ಲ. ಸುಮ್ಮನೆ ಕೋಣೆಗೆ ಹೋಗಿ ಹುಲ್ಲು ಹಾಸತೊಡಗಿದ.

ನಾಲ್ಕನೆಯ ದಿನ ಅವನು ಬಾಗಿಲು ತೆರೆದು ಒಳಗೆ ಕೂತಿದ್ದಾಗ ನಾನು ಹಿತ್ತಲಿಗೆ ಹೋಗಿ ಅತ್ತೆಯ ದನಿ ತೆಗೆದೆ. "ಲೇ ಹುಲುಗಾ, ಎಮ್ಮಿ ಹಗ್ಗ ಹರಕೊಂಡು ಕಾಲುವಿ ಕಡೆ ಹೊಂಟೈತಲೇ, ಜಲ್ದಿ ಬಾ." ಹುಲುಗಪ್ಪ ಬಾಗಿಲು ಹಾಕುವುದನ್ನೂ ಮರೆತು ಓಡಿದ. ಅವನು ಕಾಲುವೆಯುದ್ದಕ್ಕೂ ಇಲ್ಲದ ಎಮ್ಮೆ ಹುಡುಕುತ್ತಿದ್ದಾಗ ನಾನು ಕತ್ತಲ ಕೋಣೆಯಲ್ಲಿ ಕೂತು ಕೈಗೆ ಸಿಕ್ಕ ಕಾಯಿಯನ್ನೆಲ್ಲ ಒಂದೊಂದಾಗಿ ಒತ್ತಿದೆ. ಎಲ್ಲಾದರೂ ಒಂದು ಹಣ್ಣಾಗಿದ್ದರೆ ಮೊದಲು ತಿಂದವನು ನಾನಾಗಬೇಕೆಂಬ ಆಸೆ. ಒಂದೂ ಆಗಿರಲಿಲ್ಲ. ಎರಡು ದಿನದ ಮೇಲೆ ಪ್ರತಿ ಕಾಯಿಯ ತೊಟ್ಟಿನ ಬಳಿ ಒಂದೊಂದು ಕಂದು ಗುಂಡಿ ಬಿದ್ದಿತು. ಅತ್ತೆ ಅದರಲ್ಲೊಂದನ್ನು ಹಿಡಿದು ತಂದು ನನ್ನ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಅಳತೆ ನೋಡಿದಳು. ಸರಿಯಾಗಿ ಕೂತಿತು.

"ಹೆಬ್ಬಟ್ಟು ಒತ್ತಾಕ ಇದೇನು ರೇಷನ್ ಪುಸ್ತಕ ಏನಲೇ?"

ಅಂದಿನಿಂದ ಆ ಕೋಣೆಯ ಹೊಸ್ತಿಲು ನನಗೆ ನಿಷಿದ್ಧ. ಮುಂದಿನ ಎಲ್ಲ ಬೇಸಿಗೆಗಳಲ್ಲೂ ಅಡಿಯ ಕೈ ಹುಲುಗಪ್ಪನದೇ ಆಯಿತು. ನಾನು ಹೊಸ್ತಿಲಾಚೆ ಕೂತು, ಅವನು ಕೊಟ್ಟ ಹಣ್ಣನ್ನು, ಅದು ಎಷ್ಟು ಸಿಹಿಯಾಗಿದೆ ಎಂಬ ಸಿಟ್ಟಿನಲ್ಲೇ ತಿನ್ನುತ್ತಿದ್ದೆ.

ಮುಂದೆ ನಾನೂ ಅಪ್ಪನಂತೆ ವೆಲ್ಡರ್ ಆದೆ. ಹೊಸಪೇಟೆಯಿಂದ ಗಲ್ಫಿಗೆ ಹೋಗುವವರ ಗಾಳಿ ಬೀಸಿದಾಗ ನಾನೂ ಅದರ ಜೊತೆ ಹಾರಿ ಮಸ್ಕತ್ತಿನ ಹೊರಗಿನ ಒಂದು ಕ್ಯಾಂಪಿಗೆ ಬಂದು ಬಿದ್ದೆ. ಪೈಪ್‌ಲೈನಿನ ಕೆಲಸ. ತಗಡಿನ ರೂಮಿನಲ್ಲಿ ಎಂಟು ಮಂಚ. ಅದರಲ್ಲಿ ನಮ್ಮ ಕಡೆಯವರು ಇನ್ನಿಬ್ಬರು. ಹೊಸಪೇಟೆಯ ಖಾಸಿಂಸಾಬರು ನಮಗೆಲ್ಲ ಹಿರಿಯರು, ರೂಮಿನ ಪಂಚಾಯ್ತಿ ಅವರದೇ. ಸಂಡೂರಿನ ಬಸಣ್ಣ ಕ್ರೇನ್ ಓಡಿಸುವವನು, ಅಡುಗೆಯೂ ಅವನದೇ. ಶುಕ್ರವಾರ ರಜೆ. ಮಾವಿನ ಕಾಲದಲ್ಲಿ ಒಂದು ಶುಕ್ರವಾರವಾದರೂ ಸೀಕರಣಿ ಆಗಬೇಕೆಂಬುದು ಖಾಸಿಂಸಾಬರ ಹಟ. ಹಣ್ಣಿನ ರಸಕ್ಕೆ ಹಾಲು, ಏಲಕ್ಕಿ ಹಾಕಿ, ಅದರಲ್ಲಿ ಚಪಾತಿ ಮುಳುಗಿಸಿ ತಿಂದರೆ ಊರಿಗೆ ಹೋಗಿ ಬಂದ ಹಾಗೆ ಎನ್ನುತ್ತಿದ್ದರು. ರಜೆಯ ಅರ್ಜಿಯನ್ನು ಕಂಪನಿ ತಳ್ಳಿಹಾಕಿದ ವರ್ಷಗಳಲ್ಲಿ ಈ ಮಾತನ್ನು ಎರಡೆರಡು ಸಲ ಹೇಳುತ್ತಿದ್ದರು.

ನಮ್ಮ ಕಡೆಯ ಒಳ್ಳೆಯ ಹಣ್ಣು ಅಲ್ಲಿ ವಿಮಾನದಲ್ಲಿ ಬರುತ್ತಿತ್ತು. ಹತ್ತಿಯಲ್ಲಿ ಸುತ್ತಿ, ಗಾಜಿನ ಹಿಂದೆ ಮಲಗಿಸಿರುತ್ತಿದ್ದರು. ನಮ್ಮ ಸಂಬಳ ಆ ಗಾಜನ್ನು ನೋಡಲು ಸಾಕಾಗುತ್ತಿತ್ತು. ನಮಗೆ ಎಟುಕುತ್ತಿದ್ದದ್ದು ಬೇರೆ ದೇಶದಿಂದ ಹಡಗಿನಲ್ಲಿ ಬಂದ ಕಲ್ಲಿನಂಥ ಕಾಯಿ. ಗುರುವಾರ ಸಂಜೆ ಮಾರ್ಕೆಟ್ಟು ಮುಚ್ಚುವ ಹೊತ್ತಿಗೆ ಅಂಥ ಕಾಯಿಯ ಪೆಟ್ಟಿಗೆಗಳನ್ನು ಸಿಕ್ಕ ಬೆಲೆಗೆ ತಳ್ಳಿಬಿಡುತ್ತಿದ್ದರು. ಈ ಖರೀದಿ ನನ್ನ ಇಲಾಖೆ. ಅಲ್ಲೊಬ್ಬ ಬಲೂಚಿ ಮುದುಕ ಇದ್ದ, ಹಳೆಯ ಗಡ್ಡ, ಹಳೆಯ ತಕ್ಕಡಿ. ಅವನು "ದೇಖೋ ಬೇಟಾ, ಯೆ ಆಮ್ ನಹೀ, ಶಹದ್ ಹೈ" ಎಂದು ಮಾವನ್ನು ಜೇನಾಗಿಸಿ ಗಡ್ಡ ಸವರಿಕೊಂಡು ಹೇಳುವುದಕ್ಕೆ ಮೊದಲೇ ನಾನು ಇಲ್ಲದ ಗಡ್ಡ ಸವರಿಕೊಂಡು ಅದೇ ದನಿಯಲ್ಲಿ ಹೇಳಿಬಿಡುತ್ತಿದ್ದೆ. ಸುತ್ತಲಿನ ಅಂಗಡಿಯವರು ನಗುತ್ತಿದ್ದರು. ಮುದುಕ ನನ್ನನ್ನು ಬೈಯುತ್ತ, ಬೈಯುತ್ತಲೇ ಬೆಲೆ ಇಳಿಸುತ್ತಿದ್ದ.

ಅಗ್ಗಕ್ಕೆ ತಂದದ್ದೇನೋ ನಿಜ, ಹಣ್ಣಾಗುತ್ತಿರಲಿಲ್ಲ. ಏರ್ ಕಂಡೀಷನರ್ ಇದ್ದ ರೂಮಿನಲ್ಲಿಟ್ಟರೆ ಕಾಯಿ ಚಳಿ ಹಿಡಿದು ಮುದುಡಿ ಮಲಗುತ್ತಿತ್ತು, ಹೊರಗಿಟ್ಟರೆ ಬಿಸಿಲಿಗೆ ಒಂದೇ ದಿನದಲ್ಲಿ ಸುಕ್ಕಾಗುತ್ತಿತ್ತು. ನಾನು ದಿನಕ್ಕೆ ಮೂರು ಸಲ ಒತ್ತಿ ನೋಡುತ್ತಿದ್ದೆ ಎಂಬುದನ್ನೂ ಹೇಳಿಬಿಡಬೇಕು. ಎರಡು ವರ್ಷ ನಾವು ತಿಂದ ಸೀಕರಣಿಗೆ ಸಕ್ಕರೆ ಡಬ್ಬಿಗಟ್ಟಲೆ ಬೇಕಾಯಿತು. ಖಾಸಿಂಸಾಬರು ಕಡೆಯ ತುತ್ತಿನವರೆಗೂ ತಿಂದು, "ಹುಣಸಿಹಣ್ಣಿನ ಸೀಕರಣಿ ಅಂತ ಮೊದ್ಲ ಹೇಳಿದ್ರ ಮನಸು ಗಟ್ಟಿ ಮಾಡ್ಕೊಂತಿದ್ದೆ" ಎಂದಿದ್ದರು.

ಮೂರನೆಯ ವರ್ಷ ರೂಮಿನ ಖಾಲಿ ಮಂಚಕ್ಕೆ ಬುಲ್‌ಡೋಜರ್ ಆಪರೇಟರೊಬ್ಬ ಬಂದ. ಸಂಡೂರಿನ ಗಣಿಯಲ್ಲಿ ಕೆಲಸ ಕಲಿತವನಂತೆ ಎಂದು ಬಸಣ್ಣ ಖುಷಿಯಿಂದ ಕರೆತಂದ. ಬಾಗಿಲಲ್ಲಿ ಟ್ರಂಕು ಹಿಡಿದು ಹುಲುಗಪ್ಪ ನಿಂತಿದ್ದ.

"ಬಂದ್ಯಾ?" ಎಂದೆ.

"ಬಂದೆ" ಎಂದ.

ಎರಡು ಬೆಳೆಯ ಮನೆಯವನನ್ನೂ ಗಲ್ಫಿನ ಗಾಳಿ ಬಿಟ್ಟಿಲ್ಲ, ಸಮುದ್ರ ದಾಟಿ ಬಂದರೂ ತಪ್ಪಲಿಲ್ಲವಲ್ಲ ಎಂದುಕೊಂಡೆ. ಹೊರಗೆ ಮಾತ್ರ ತಬ್ಬಿಕೊಂಡೆ. ಜನ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ನಾನು ತಂದ ಪೆಟ್ಟಿಗೆಯನ್ನು ಅವನು ತನ್ನ ಮಂಚದ ಹತ್ತಿರಕ್ಕೆ ಎಳೆದುಕೊಂಡ, ಯಾರನ್ನೂ ಕೇಳಲಿಲ್ಲ. ಹುಲ್ಲು ಎಲ್ಲಿಯದು ಅಲ್ಲಿ? ಮೆಸ್ಸಿನಿಂದ ಖಾಲಿ ಅಕ್ಕಿಚೀಲ ಬೇಡಿ ತಂದ. ಮಲಯಾಳಂ ಪತ್ರಿಕೆಗಳನ್ನು ಸಣ್ಣಗೆ ಹರಿದು ಒಣಹುಲ್ಲಿನಂತೆ ಹಾಸಿದ. ಕಾಯಿಯ ಸೊನೆ ಒರೆಸಿ ತೊಟ್ಟು ಕೆಳಗೆ ಮಾಡಿ ಇಟ್ಟ. ಪೆಟ್ಟಿಗೆಯನ್ನು ಸ್ಟೋರ್ ರೂಮಿನ ಮೂಲೆಗೆ, ನೆರಳೂ ಇರುವ, ಏರ್ ಕಂಡೀಷನರಿನ ತಂಪೂ ತಾಗದ ಜಾಗಕ್ಕೆ ಒಯ್ದ. ದಿನಕ್ಕೊಮ್ಮೆ ಕೆಲಸದಿಂದ ಬಂದು ಸ್ನಾನ ಮಾಡಿ ಹೋಗಿ ಮೂಸಿ ನೋಡುತ್ತಿದ್ದ, ಅಷ್ಟೇ. ಒತ್ತುತ್ತಿರಲಿಲ್ಲ. ಎಂಟನೆಯ ದಿನದ ಶುಕ್ರವಾರ ಪೆಟ್ಟಿಗೆ ತೆರೆದಾಗ ಇಡೀ ರೂಮು ಕಂಪ್ಲಿಯಾಯಿತು.

ಖಾಸಿಂಸಾಬರು ಮೂರು ಸಲ ಹಾಕಿಸಿಕೊಂಡರು. ಕಡೆಗೆ ಬಟ್ಟಲು ಕೆಳಗಿಟ್ಟು, "ಏನ್ ಕೈಯಪಾ ನಿಂದು" ಎಂದು ಹುಲುಗಪ್ಪನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಪೆಟ್ಟಿಗೆ ಹೊತ್ತು ತಂದ ನನ್ನ ಕೈ ಪಕ್ಕದಲ್ಲೇ ಇತ್ತು. ಅದನ್ನು ಯಾರೂ ಹಿಡಿಯಲಿಲ್ಲ.

ಆಮೇಲೆ ನಾನು ಸುಮ್ಮನಿರಲಿಲ್ಲ. ದಿನಾ ಸಂಜೆ ರೂಮಿನಲ್ಲಿ 'ಹುಲುಗಪ್ಪ ಮಾವು ಮೂಸುವುದು' ಎಂಬ ಆಟ ಶುರುಮಾಡಿದೆ. ಲುಂಗಿ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ಎಡಗಣ್ಣು ಮುಚ್ಚಿ, ಕಾಯಿಯ ಬದಲು ಒಂದು ಆಲೂಗಡ್ಡೆಯನ್ನು ಮೂಗಿನ ಬಲ ಹೊಳ್ಳೆಗೆ ಹಿಡಿದು, ಉಸಿರು ಒಳಗೆಳೆದು, ಎಷ್ಟೋ ಹೊತ್ತು ಬಿಡದೆ, ಕಡೆಗೆ ಯಾರೋ ಸತ್ತ ಸುದ್ದಿ ಹೇಳುವ ದನಿಯಲ್ಲಿ, "ಇನ್ನಾ ಎಲ್ಡ್ ದಿನ" ಎನ್ನುತ್ತಿದ್ದೆ. ಬಸಣ್ಣ ಮಂಚದಿಂದ ಉರುಳಿ ಬೀಳುವಷ್ಟು ನಗುತ್ತಿದ್ದ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಹುಲುಗಪ್ಪನೇ. "ಎಡಗಣ್ಣಲ್ಲಲೇ, ಬಲಗಣ್ಣು ಮುಚ್ಚತೀನಿ ನಾ" ಎಂದು ತಿದ್ದುತ್ತಲೂ ಇದ್ದ. ಗೇಲಿ ಮಾಡಿಸಿಕೊಂಡವನು ಹೀಗೆ ಸಹಕರಿಸತೊಡಗಿದರೆ ಗೇಲಿ ಮಾಡುವವನ ಗತಿಯೇನು?

ಮರುವರ್ಷ ನಾನು ರೂಮಿನ ಮಧ್ಯೆ ನಿಂತು ಘೋಷಿಸಿದೆ. ಈ ಸಲ ಎರಡು ಪೆಟ್ಟಿಗೆ. ಒಂದು ಅವನದು, ಒಂದು ನನ್ನದು. ಯಾರ ಹಣ್ಣಿನ ಸೀಕರಣಿ ರುಚಿಯೋ ಮುಂದೆ ಅಡಿಯ ಕೈ ಅವರದೇ, ಖಾಸಿಂಸಾಬರು ತೀರ್ಪು ಕೊಡಬೇಕು. ಹುಲುಗಪ್ಪ, "ಆತು ಬಿಡು" ಎಂದ. ಖಾಸಿಂಸಾಬರು, "ನಿಮ್ಮ ಜಗಳದಾಗ ನನ್ನ ಶುಕ್ರವಾರ ಕೆಡಿಸಬ್ಯಾಡ್ರಿ" ಎಂದರು.

ಪತ್ರಿಕೆಯ ಚೂರುಗಳಿಂದ ಅವನು ಇಷ್ಟು ಮಾಡಿದರೆ ನಿಜವಾದ ಹುಲ್ಲು ಸಿಕ್ಕರೆ ಅವನನ್ನು ಸೋಲಿಸಿಯೇ ಬಿಡಬಹುದು ಎಂದು ನನ್ನ ತಲೆ ಓಡಿತು. ಮಾರ್ಕೆಟ್ಟಿನ ಹಿಂದೆ ಆಡು ಮಾರುವ ಜಾಗದಲ್ಲಿ ಮೇವಿನ ಕಟ್ಟು ಸಿಗುತ್ತದೆ ಎಂದು ಬಲೂಚಿ ಮುದುಕ ಹೇಳಿದ. ಹೋಗಿ ನೋಡಿದೆ. ಮೆಂತ್ಯಸೊಪ್ಪಿನಂಥ ಎಲೆಯ ಹಚ್ಚಹಸಿರು ಮೇವು, ಆಗ ತಾನೇ ಕೊಯ್ದದ್ದು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕಸಬರಿಗೆಯ ಮನೆಯಲ್ಲಿ ಬೆಳೆದವನಿಗೆ ಹುಲ್ಲು ಎಂದರೆ ಹುಲ್ಲು. ಹಸಿಯಾದರೆ ಇನ್ನೂ ಮೆತ್ತಗೆ, ಕಾಯಿಗೆ ಹಾಸಿಗೆ ಹಾಸಿದ ಹಾಗೆ ಎಂದು ಎರಡು ಕಟ್ಟು ಹೊತ್ತು ತಂದೆ. ಹುಲುಗಪ್ಪ ಡ್ಯೂಟಿಯಲ್ಲಿದ್ದಾಗ ಕದ್ದುಮುಚ್ಚಿ ನನ್ನ ಪೆಟ್ಟಿಗೆಗೆ ತುಂಬಿ, ಕಾಯಿ ಇಟ್ಟು, ಮೇಲೆ ಇನ್ನಷ್ಟು ಒತ್ತಿ ತುರುಕಿ, ಗಾಳಿಯಾಡದ ಹಾಗೆ ಕಂಬಳಿ ಮುಚ್ಚಿದೆ. ಅಡಿ ಒಬ್ಬರ ಕೈಯದು, ಯಾರೂ ಮುಟ್ಟಬಾರದು ಎಂದು ಅತ್ತೆಯ ದನಿಯಲ್ಲೇ ಎಲ್ಲರಿಗೂ ಹೇಳಿದೆ.

ಮೂರನೆಯ ದಿನ ಸ್ಟೋರ್ ರೂಮಿನಿಂದ ದನದ ಕೊಟ್ಟಿಗೆಯ ವಾಸನೆ ಬಂತು. ಕಂಬಳಿ ತೆಗೆದರೆ ಹಬೆ ಎದ್ದಿತು. ಹಸಿ ಮೇವು ಒಳಗೊಳಗೇ ಕಾದು ಒಲೆಯಾಗಿತ್ತು. ಕಾಯಿಗಳು ಕಪ್ಪಗೆ ಬೆಂದು, ತಿರುಳು ಸಿಪ್ಪೆಯೊಳಗೆ ತುಳುಕುತ್ತಿತ್ತು.

ಬಸಣ್ಣ ಇಣುಕಿ ನೋಡಿದ. "ಏನಪಾ ಇದು, ಅಡಿ ಹಾಕಿದ್ದೋ, ಅಡಗಿ ಮಾಡಿದ್ದೋ?"

"ಗ್ಯಾಸ್ ಇಲ್ದ ಕುದಿಸ್ಯಾನ" ಎಂದರು ಖಾಸಿಂಸಾಬರು. "ವೆಲ್ಡರ್ ಅಲ್ಲೇನ್ರಿ ಇಂವ, ಬೆಂಕಿ ಎಲ್ಲಿದ್ರೂ ಹುಡುಕ್ತಾನ."

ನಾನು ಖಾಸಿಂಸಾಬರ ದನಿಯಲ್ಲಿ ಅದೇ ಮಾತನ್ನು ಹೇಳಿ ನನ್ನನ್ನೇ ಗೇಲಿ ಮಾಡಿಕೊಂಡೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹುಲುಗಪ್ಪ ನಗಲಿಲ್ಲ. ಪೆಟ್ಟಿಗೆಯೊಳಕ್ಕೆ ಕೈ ಹಾಕಿ ತಡಕಾಡಿ, ತಳದಲ್ಲಿ ಬಿಸಿ ತಾಗದೆ ಉಳಿದಿದ್ದ ಏಳು ಕಾಯಿ ತೆಗೆದು, ಒರೆಸಿ, ತನ್ನ ಪೆಟ್ಟಿಗೆಯಲ್ಲಿ ಒಂದು ಮೂಲೆ ಮಾಡಿ ಇಟ್ಟ. "ನಮ್ಮೂರಾಗೂ ಹಸಿ ಹುಲ್ಲು ಒಟ್ಟಿದ್ರ ಬಣವಿಗೆ ಬೆಂಕಿ ಬೀಳ್ತೈತಿ. ನಿನಗ ಗೊತ್ತಾಗಂಗಿಲ್ಲ ಬಿಡು, ನೀ ಪ್ಯಾಟಿಯಂವ" ಎಂದ. ಸಮಾಧಾನಕ್ಕೆ ಹೇಳಿದ್ದು. ನನಗೆ ಅದು ಅತ್ತೆಯ ಕೋಣೆಯ ಹೊಸ್ತಿಲಿನಷ್ಟೇ ಎತ್ತರವಾಗಿ ಕಂಡಿತು.

ಅದರ ಮರುವರ್ಷ ಮಾವು ಮಾರ್ಕೆಟ್ಟಿಗೆ ಬರುವ ಹೊತ್ತಿಗೆ ಸರಿಯಾಗಿ ಹುಲುಗಪ್ಪನ ಮದುವೆ ನಿಕ್ಕಿಯಾಗಿ ಅವನು ಮೂರು ತಿಂಗಳ ರಜೆಗೆ ಕಂಪ್ಲಿಗೆ ಹೋದ. ಹೋಗುವಾಗ ಅಕ್ಕಿಚೀಲಗಳನ್ನು ಒಗೆದು ಒಣಗಿಸಿ ಮಡಿಚಿ ನನ್ನ ಮಂಚದ ಮೇಲಿಟ್ಟು, "ನೀನ ಹಾಕು" ಎಂದ. ಅಷ್ಟೇ. ಹೇಗೆ ಎಂದು ಹೇಳಲಿಲ್ಲ. ಕೇಳುವುದಕ್ಕೆ ನಾನೂ ತಯಾರಿರಲಿಲ್ಲ.

ಬಲೂಚಿ ಮುದುಕನಿಂದ ಬೈಸಿಕೊಂಡು ಪೆಟ್ಟಿಗೆ ತಂದೆ. ಸ್ಟೋರ್ ರೂಮಿನಲ್ಲಿ ಒಬ್ಬನೇ ಕೂತೆ. ಹೇಗೆ ಶುರುಮಾಡಬೇಕೆಂದು ತಿಳಿಯಲಿಲ್ಲ. ಬೇರೆ ದಾರಿ ಕಾಣದೆ ಆಟ ಶುರುಮಾಡಿದೆ. ಲುಂಗಿ ಎತ್ತಿ ಕಟ್ಟಿದೆ. ಅವನಂತೆ ಕುಕ್ಕರುಗಾಲಲ್ಲಿ ಕೂತೆ. ಅವನಂತೆ ಪತ್ರಿಕೆ ಹರಿದೆ, ಅಗಲಕ್ಕಲ್ಲ, ಉದ್ದಕ್ಕೆ. ವರ್ಷವಿಡೀ ಗೇಲಿ ಮಾಡಲೆಂದು ಅವನನ್ನು ನೋಡಿದ್ದರಿಂದ ಅದೆಲ್ಲ ಕೈಗೆ ಗೊತ್ತಿತ್ತು. ಸೊನೆ ಒರೆಸುವಾಗ ಅವನು ನಾಲಿಗೆಯನ್ನು ಕೆನ್ನೆಯೊಳಗೆ ಒತ್ತಿ ಹಿಡಿಯುತ್ತಿದ್ದ, ನಾನೂ ಹಿಡಿದೆ. ದಿನಾ ಸಂಜೆ ಸ್ನಾನ ಮಾಡಿ ಹೋಗಿ ಬಲಗಣ್ಣು ಮುಚ್ಚಿ ಮೂಸಿದೆ. ಮೊದಲು ಬರೀ ಕಾಗದದ ವಾಸನೆ. ಆಮೇಲೆ ಸೊನೆಯ ಒಗರು. ಆರನೆಯ ದಿನ ಆ ಒಗರಿನ ಹಿಂದೆ ಇನ್ನೇನೋ ಇತ್ತು, ಪಕ್ಕದ ಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದಾರೇನೋ ಎನ್ನುವಷ್ಟು ಸಣ್ಣಗೆ. ಅವನು ಉಸಿರು ಹಿಡಿಯುತ್ತಿದ್ದದ್ದು ಇದಕ್ಕೇ ಎಂದು ಆಗ ಗೊತ್ತಾಯಿತು. ನಾನು ಅದನ್ನು ಜನ ನಗಲೆಂದು ಹಿಡಿದು ತೋರಿಸುತ್ತಿದ್ದೆ. "ಇನ್ನಾ ಎಲ್ಡ್ ದಿನ" ಎಂದು ಬಾಯಿಂದ ತಾನಾಗಿ ಬಂತು. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಟ್ಟುಕೊಂಡಿದ್ದೆ.

ಸರಿಯಾಗಿ ಎರಡು ದಿನವೇ ಆಯಿತು. ಶುಕ್ರವಾರ ಪೆಟ್ಟಿಗೆ ತೆರೆದರೆ ಒಂದು ಹಣ್ಣೂ ಕೆಟ್ಟಿರಲಿಲ್ಲ. ಬಸಣ್ಣ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದವನು, ರಸ ಬೆರಳಲ್ಲಿ ಅದ್ದಿ ನೆಕ್ಕಿ, ಮುಚ್ಚಳವನ್ನು ಹಾಗೇ ಮುಚ್ಚಿಟ್ಟ. ಖಾಸಿಂಸಾಬರಿಗೆ ಮೊದಲ ಬಟ್ಟಲು ಕೊಟ್ಟು ನಾನು ಎದುರಿಗೆ ನಿಂತೆ. ನನ್ನ ಬಲಗೈ ಅವರು ಹಿಡಿದುಕೊಳ್ಳುವುದಕ್ಕೆ ಅನುಕೂಲವಾಗುವಷ್ಟು ದೂರದಲ್ಲಿ ಇತ್ತು.

ಅವರು ಒಂದು ತುತ್ತು ತಿಂದು ಕಣ್ಣು ಮುಚ್ಚಿದರು.

"ವಾಹ್. ಥೇಟ್ ಹುಲುಗಪ್ಪನ ಕೈ."

"ಹಾಕಿದಂವ ನಾನ್ರಿ, ಸಾಬ್ರ."

"ಗೊತ್ತಪಾ. ಅದಕ್ಕ ಹೇಳಿದ್ದು. ಎಷ್ಟ ಮಂದಿದ ಮಾಡಿ ತೋರ್ಸೀದಿ ನೀನು, ಇಷ್ಟ ಚಲೋ ಯಾರ್ದೂ ಮಾಡಿಲ್ಲ ಬಿಡು."

ಬಸಣ್ಣ ಬಾಯಿತುಂಬ ಚಪಾತಿ ಇಟ್ಟುಕೊಂಡು ಹೌದೆಂದು ತಲೆಯಾಡಿಸಿದ. ಎರಡನೆಯ ಬಟ್ಟಲು ಹಾಕಿಸಿಕೊಳ್ಳುವಾಗ ಖಾಸಿಂಸಾಬರು ಹುಲುಗಪ್ಪನ ಮದುವೆ ಚೆನ್ನಾಗಿ ಆಗಲಿ ಎಂದು ಹರಸಿದರು. ನನ್ನ ಹಣ್ಣು ತಿಂದು ಅವನಿಗೆ ಹರಕೆ. ನಾನು ಗೋಡೆಯ ಕಡೆ ತಿರುಗಿ ಕೂತು ನನ್ನ ಪಾಲು ತಿಂದೆ. ಬಹಳ ಸಿಹಿಯಾಗಿತ್ತು.

ಅಂದೇ ಮಧ್ಯಾಹ್ನ ಹುಲುಗಪ್ಪನಿಗೆ ಕಾಗದ ಬರೆದೆ. ಮದುವೆಗೆ ಶುಭಾಶಯ, ಅತ್ತೆಗೆ ನಮಸ್ಕಾರ ಎಲ್ಲ ಬರೆದ ಮೇಲೆ, ಈ ಸಲ ಹಣ್ಣು ಅಷ್ಟಕ್ಕಷ್ಟೇ, ಅರ್ಧಕ್ಕರ್ಧ ಕೆಟ್ಟುಹೋದವು ಎಂದು ಸೇರಿಸಿದೆ. ಇಲ್ಲಿಯ ಹಣ್ಣು ಚೆನ್ನಾಗಿ ಬಂದವೆಂದು ಬರೆದರೆ ಆ ಸಂತೋಷವೂ ಅವನ ಪಾಲಿಗೇ ಹೋಗುತ್ತದಲ್ಲ ಎಂಬ ಲೆಕ್ಕ ನನ್ನದು.

ಮೂರು ವಾರಕ್ಕೆ ಉತ್ತರ ಬಂತು. ನಾಲ್ಕೇ ಸಾಲು. ಮದುವೆ ಆಯಿತು, ಎಲ್ಲರೂ ಸುಖ, ಕಾಲುವೆಗೆ ನೀರು ಬಿಟ್ಟಿದ್ದಾರೆ. ನಾಲ್ಕನೆಯ ಸಾಲಿನಲ್ಲಿ ಹೀಗಿತ್ತು: "ಹಣ್ಣು ಕೆಟ್ಟಿರಂಗಿಲ್ಲ, ನೀ ಸುಮ್ನ ಹೇಳಾಕತ್ತಿ. ಅಲ್ಲಿಂದ ಹೊಂಡಾಕಿಂತ ಮೊದ್ಲ ಅವ್ವಗ ಕಾಗದ ಬರದೀನಿ, ನನ್ನ ಆಟ ಆಡಿ ಆಡಿ ಪಂಪ್ಯಾನ ಕೈ ಈಗ ನನ್ನ ಕೈಗಿಂತ ಚಲೋ ಆಗೈತಿ ಅಂತ."

ನೋಡಿ, ಇಂಥವನ ಮೇಲೆ ಹೊಟ್ಟೆಕಿಚ್ಚುಪಡುವುದು ಎಷ್ಟು ಕಷ್ಟದ ಕೆಲಸ. ಆದರೂ ನಾನು ಬಿಟ್ಟಿಲ್ಲ.